ಇಂಕ್ಟೋಬರ್ ತಿಂಗಳಲ್ಲಿ ಕಲಿತದ್ದು ಬಿಳಿ ಬಿಡುವುದನ್ನು

ದಸರಾ ಅಕ್ಟೋಬರ್‌ನಲ್ಲೇ ಬಂದ ವರ್ಷ ನಾನು ಮೈಸೂರಿನಲ್ಲಿ ಕೂತು ಇಂಕ್ಟೋಬರ್ ಪೂರ್ತಿ ಮಾಡಿದೆ. ಹೊಸಬರಿಗೆ ಹೇಳುವುದಾದರೆ, ಇದು ಅಮೆರಿಕದ ಚಿತ್ರಕಾರ ಜೇಕ್ ಪಾರ್ಕರ್ 2009ರಲ್ಲಿ ಇಂಕಿನಲ್ಲಿ ತಮ್ಮ ಕೈ ಪಳಗಲಿ ಅಂತ ಶುರು ಮಾಡಿದ್ದು. ಅಕ್ಟೋಬರ್‌ನ 31 ದಿನವೂ ದಿನಕ್ಕೊಂದು ಇಂಕಿನ ಚಿತ್ರ ಬರೆದು ನಾಲ್ಕು ಜನಕ್ಕೆ ತೋರಿಸಬೇಕು. ದಿನಾ ಆಗದಿದ್ದರೆ ದಿನ ಬಿಟ್ಟು ದಿನ, ಅದೂ ಕಷ್ಟವಾದರೆ ವಾರಕ್ಕೊಂದು. 2016ರಿಂದ ದಿನಕ್ಕೊಂದು ಪದದ ಪಟ್ಟಿಯೂ ಬರುತ್ತಿದೆ, ಆದರೆ ಅದು ಕಡ್ಡಾಯವಲ್ಲ. ಊರಿಗೆ ಊರೇ ದೀಪ ಹಚ್ಚಿಕೊಂಡು ನಿಂತಿರುವಾಗ ನನಗೆ ಪಟ್ಟಿ ಬೇಕು ಅನ್ನಿಸಲಿಲ್ಲ. ಕಣ್ಣಿಗೆ ಬಿದ್ದದ್ದನ್ನೇ ಬರೆದೆ.

ಸಾಮಾನು ಕಡಿಮೆ ಇಟ್ಟುಕೊಂಡೆ. ಎ5 ಅಳತೆಯ ಪುಸ್ತಕ, 03 ನಂಬರಿನ ಮೈಕ್ರಾನ್ ಅನ್ನುವ ಸಣ್ಣ ಮೊನೆಯ ಪೆನ್ನು, ಕುಂಚದಂಥ ಮೊನೆಯ ಒಂದು ಬ್ರಷ್ ಪೆನ್ನು, ಪೆನ್ಸಿಲ್ಲು, ರಬ್ಬರು. ಎ5 ಅಂದರೆ ಎ4 ಹಾಳೆಯ ಅರ್ಧ, ಕೆಲಸ ಮುಗಿಸಿ ಬಂದ ಮೇಲೆ ಅರ್ಧ ಗಂಟೆಯಲ್ಲಿ ತುಂಬುವಷ್ಟು ಜಾಗ. ದೊಡ್ಡ ಹಾಳೆ ತೆಗೆದುಕೊಂಡರೆ ಮೂರನೇ ದಿನಕ್ಕೇ ಸುಸ್ತು. ಕಾಗದದ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಮಾಮೂಲಿ ನೋಟ್‌ಬುಕ್ಕಿನ ತೆಳು ಹಾಳೆಯಲ್ಲಿ ಬ್ರಷ್ ಪೆನ್ನು ಆಡಿಸಿದರೆ ಇಂಕು ಹಿಂದಿನ ಪುಟಕ್ಕೆ ಇಳಿಯುತ್ತದೆ, ಗೆರೆಯ ಅಂಚು ಕವಲೊಡೆಯುತ್ತದೆ. 150 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ) ಮೇಲಿನದು ತೆಗೆದುಕೊಳ್ಳಿ.

ಇಂಕೂ ಅಷ್ಟೇ. ಶಾಲೆಯ ಫೌಂಟನ್ ಪೆನ್ನಿಗೆ ಹಾಕುತ್ತಿದ್ದೆವಲ್ಲ, ಆ ಥರದ ಬಣ್ಣದ ನೀರಿನಂಥ ಇಂಕು ಒಂದು ಹನಿ ಬಿದ್ದರೂ ಕರಗುತ್ತದೆ. ನೀರಲ್ಲಿ ಕರಗದ ಬಣ್ಣದ ಪುಡಿ ಬೆರೆಸಿದ ಪಿಗ್ಮೆಂಟ್ ಇಂಕು ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ. ಅಕ್ಟೋಬರ್ ಅಂದರೆ ಹಿಂಗಾರು ಮಳೆ, ಹೊರಗೆ ಕೂತು ಬರೆಯುವವರಿಗೆ ಇದು ಸಣ್ಣ ವಿಷಯವಲ್ಲ. ಹವೆಯಲ್ಲಿ ತೇವ ಇದ್ದಾಗ ಒಣಗುವುದಕ್ಕೂ ಜಾಸ್ತಿ ಹೊತ್ತು ಬೇಕು, ಅದಕ್ಕೇ ಪೆನ್ಸಿಲ್ ಗೆರೆ ಅಳಿಸುವ ಕೆಲಸವನ್ನು ನಾನು ಬೆಳಗ್ಗೆಗೆ ಇಟ್ಟುಕೊಳ್ಳುತ್ತಿದ್ದೆ. ಪೆನ್ಸಿಲ್ ಬಳಸುವುದು ಕಳ್ಳದಾರಿ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ಮೈಸೂರು ಶೈಲಿಯ ಹಳೆಯ ಚಿತ್ರಕಾರರೂ ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಲ್ಲಿ ಮೊದಲು ಕರಡು ಗೀಚಿಕೊಂಡೇ ಮುಂದಿನ ಕೆಲಸಕ್ಕೆ ಹೋಗುತ್ತಿದ್ದರು.

ನನಗೆ ನಿಜವಾದ ಪಾಠ ಸಿಕ್ಕಿದ್ದು ದೇವರಾಜ ಮಾರುಕಟ್ಟೆಯಲ್ಲಿ. ಅಲ್ಲಿ ಕುಂಕುಮ, ಅರಿಸಿನ, ಬಣ್ಣದ ಪುಡಿಗಳನ್ನು ಗೋಪುರದ ಹಾಗೆ ಒಟ್ಟಿರುತ್ತಾರೆ. ಕೈಯಲ್ಲಿರುವುದು ಕಪ್ಪು ಮಾತ್ರ. ಹಾಗಾದರೆ ಕೆಂಪನ್ನು ಹೇಗೆ ತೋರಿಸುವುದು, ಹಳದಿಯನ್ನು ಹೇಗೆ? ಕಣ್ಣು ಅರೆ ಮುಚ್ಚಿ ನೋಡಿ. ಬಣ್ಣ ಹಿಂದೆ ಸರಿದು ಯಾವುದು ಗಾಢ, ಯಾವುದು ತಿಳಿ ಅನ್ನುವುದಷ್ಟೇ ಉಳಿಯುತ್ತದೆ. ಕುಂಕುಮ ಹೆಚ್ಚುಕಡಿಮೆ ಕಪ್ಪು, ಅರಿಸಿನ ಹೆಚ್ಚುಕಡಿಮೆ ಬಿಳಿ. ಕುಂಕುಮಕ್ಕೆ ಗೆರೆ ಮೇಲೆ ಅಡ್ಡಗೆರೆ ಎಳೆದು ಒತ್ತಾಗಿ ತುಂಬಿದೆ, ಅರಿಸಿನಕ್ಕೆ ನೆರಳಿನ ಕಡೆ ಒಂದಿಷ್ಟು ಚುಕ್ಕೆ ಇಟ್ಟು ಬಿಟ್ಟೆ. ಪಕ್ಕದ ಸಾಲಿನಲ್ಲಿ ಬಿಳಿ ಸೇವಂತಿಗೆಯ ಕುಕ್ಕೆ. ಅದರಲ್ಲಿ ಹೂವಿಗೆ ಇಂಕನ್ನೇ ಮುಟ್ಟಿಸದೆ, ಸಂದಿಗಳನ್ನೂ ಕುಕ್ಕೆಯನ್ನೂ ಮಾತ್ರ ಬ್ರಷ್ ಪೆನ್ನಿನಲ್ಲಿ ಕಪ್ಪು ಮಾಡುತ್ತಾ ಬಂದೆ. ಹೂ ಮಾರುವ ಅಮ್ಮ ಬಗ್ಗಿ ನೋಡಿ, ‘ಹೂವಿಗೆ ಏನೂ ಹಾಕೇ ಇಲ್ವಲ್ಲಪ್ಪ, ಆದ್ರೂ ಸೇವಂತಿಗೆನೇ ಕಾಣ್ತದೆ’ ಅಂದರು. ಆ ತಿಂಗಳು ನನಗೆ ಸಿಕ್ಕ ಮೆಚ್ಚುಗೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದೇ.

ಆಮೇಲೆ ಎಲ್ಲವನ್ನೂ ಹಾಗೇ ನೋಡತೊಡಗಿದೆ. ಎಲ್ಲಿ ಇಂಕು ಹಾಕಲಿ ಅಂತಲ್ಲ, ಎಲ್ಲಿ ಕಾಗದವನ್ನು ಬಿಡಲಿ ಅಂತ. ಇಂಕನ್ನು ಅಳಿಸುವ ಹಾಗಿಲ್ಲ, ಆದ್ದರಿಂದ ಈ ತೀರ್ಮಾನ ಪೆನ್ನು ಮುಟ್ಟುವ ಮೊದಲೇ ಆಗಬೇಕು. ಅಳಿಸಲಾಗದ ಇಂಕು ಅಂದರೆ ಮೈಸೂರಿನವರಿಗೆ ಹೊಸದೇನಲ್ಲ ಬಿಡಿ, 1962ರ ಚುನಾವಣೆಯಿಂದ ದೇಶದ ಬೆರಳಿಗೆ ಗುರುತು ಹಾಕುತ್ತಿರುವ ಇಂಕು ತಯಾರಾಗುವುದು ಇಲ್ಲಿಯ ಮೈಸೂರು ಪೇಂಟ್ಸ್ ಕಾರ್ಖಾನೆಯಲ್ಲೇ. ಆ ಹೆಮ್ಮೆ ನನಗೆ ಚಿಕ್ಕಂದಿನಿಂದ ಇದೆ.

ಅರಮನೆಯ ದೀಪಾಲಂಕಾರ ಬರೆದ ಸಂಜೆ ಈ ಪಾಠಕ್ಕೆ ಪೂರ್ತಿ ಪರೀಕ್ಷೆ. ಲಕ್ಷದ ಹತ್ತಿರ ಬಲ್ಬು ಉರಿಯುವಾಗ ಕಾಣುವುದು ಗೋಡೆಯಲ್ಲ, ಚುಕ್ಕೆಯ ಸಾಲು. ಬಿಳಿ ಜೆಲ್ ಪೆನ್ನಿನಲ್ಲಿ ಕೊನೆಗೆ ಚುಕ್ಕೆ ಇಡಬಹುದು, ಬೇಗ ಆಗುತ್ತದೆ. ಆದರೆ ಆ ಬಿಳಿ ಕಾಗದದ ಬಿಳಿಯಷ್ಟು ಹೊಳೆಯುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನಾನು ಪೆನ್ಸಿಲ್‌ನಲ್ಲಿ ಗುಮ್ಮಟ, ಕಮಾನುಗಳ ಗೆರೆ ಎಳೆದುಕೊಂಡು, ಆ ಗೆರೆಯ ಉದ್ದಕ್ಕೂ ಸಣ್ಣ ಸಣ್ಣ ಜಾಗ ಬಿಟ್ಟು, ಮೈಕ್ರಾನ್ ಪೆನ್ನಿನಲ್ಲಿ ಅದರ ಸುತ್ತ ಕಪ್ಪು ಮಾಡಿ, ಆಮೇಲೆ ಆಕಾಶಕ್ಕೆ ಬ್ರಷ್ ಪೆನ್ನು ಹಿಡಿದೆ. ಪ್ರತಿ ಬಲ್ಬನ್ನೂ ಎಣಿಸಿ ಬರೆಯಬೇಕಿಲ್ಲ. ಗೋಪುರದ ತುದಿ, ಕಮಾನಿನ ಬಾಗು, ಇಷ್ಟು ಸರಿಯಾಗಿ ಕೂತರೆ ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ.

ಸಯ್ಯಾಜಿರಾವ್ ರಸ್ತೆಯಲ್ಲಿ ಆನೆಗಳ ತಾಲೀಮು ಹೋಗುವಾಗ ಅಷ್ಟು ಪುರಸೊತ್ತು ಇರುವುದಿಲ್ಲ. ಹೊಟ್ಟೆಯ ಕೆಳಗಿನ ನೆರಳು, ಕಾಲು, ಸೊಂಡಿಲು, ಬ್ರಷ್ ಪೆನ್ನಿನ ನಾಲ್ಕಾರು ಎಳೆತ, ಸಾಕು. ಕುಕ್ಕರಹಳ್ಳಿ ಕೆರೆಯ ನೀರುಕಾಗೆ ಇನ್ನೂ ಸುಲಭ, ಹಕ್ಕಿಯೇ ಕಪ್ಪು. ಮಳೆ ಹಿಡಿದ ದಿನ ಅಡುಗೆಮನೆಯ ಸ್ಟೀಲ್ ಫಿಲ್ಟರ್ ಇಟ್ಟುಕೊಂಡು ಕೂತೆ. ಹೊಳಪನ್ನು ಬಿಡುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ವಸ್ತು ನನಗೆ ಇನ್ನೂ ಸಿಕ್ಕಿಲ್ಲ.

ಈ ಸಲ ನೀವೂ ಮಾಡುವುದಾದರೆ ಪುಸ್ತಕವನ್ನು ಸೆಪ್ಟೆಂಬರ್‌ನಲ್ಲೇ ತಂದಿಡಿ. ಕೊನೆಯ ಪುಟದಲ್ಲಿ ನಿಮ್ಮ ಬ್ರಷ್ ಪೆನ್ನಿನಿಂದ ಒಂದು ದಪ್ಪ ಚುಕ್ಕೆ ಇಟ್ಟು, ಒಣಗಿದ ಮೇಲೆ ಮೇಲೊಂದು ಹನಿ ನೀರು ಬಿಟ್ಟು, ಹಾಳೆ ತಿರುಗಿಸಿ ನೋಡಿ. ಹಿಂದೆ ಇಳಿದಿದ್ದರೆ ಬೇರೆ ಪುಸ್ತಕ ತರುವುದಕ್ಕೆ ಆಗ ಇನ್ನೂ ಸಮಯ ಇರುತ್ತದೆ.