ನಲವತ್ತರ ನಂತರ ಗಿಟಾರ್: ಕಿವಿ ಮುಂದಿರಲಿ, ಬೆರಳು ನಿಧಾನವಾಗಿ ಬರಲಿ

ನಲವತ್ತು, ಐವತ್ತು ದಾಟಿದ ಮೇಲೆ ಗಿಟಾರ್ ಹಿಡಿದ ಅನೇಕರು ಎರಡು ಮೂರು ತಿಂಗಳಲ್ಲೇ ಅದನ್ನು ಮೂಲೆಗೆ ಒರಗಿಸಿಬಿಡುತ್ತಾರೆ. ಬೆರಳು ಬಗ್ಗುವುದಿಲ್ಲ, ಮಕ್ಕಳಿಗೆ ಬಂದಷ್ಟು ಬೇಗ ತಮಗೆ ಬರುವುದಿಲ್ಲ ಎಂಬುದು ಅವರು ಕೊಡುವ ಕಾರಣ. ಬೆರಳಿನ ಮಟ್ಟಿಗೆ ಈ ಮಾತಿನಲ್ಲಿ ಸತ್ಯವಿದೆ. ಆದರೆ ದಶಕಗಳ ಕಾಲ ದೇವರನಾಮ, ಭಾವಗೀತೆ, ಚಿತ್ರಗೀತೆಗಳನ್ನು ಕೇಳಿ ಪಳಗಿದ ಕಿವಿ ಹತ್ತು ವರ್ಷದ ಮಗುವಿಗೆ ಇರುವುದಿಲ್ಲ. ಹಾಡು ಎಲ್ಲಿ ತಾಳ ತಪ್ಪಿತು, ದನಿ ಎಲ್ಲಿ ಶ್ರುತಿ ಬಿಟ್ಟಿತು ಎಂಬುದು ಸಂಗೀತವನ್ನು ಶಾಸ್ತ್ರೋಕ್ತವಾಗಿ ಕಲಿಯದ ಹಿರಿಯರಿಗೂ ಥಟ್ಟನೆ ತಿಳಿಯುತ್ತದೆ. ವಯಸ್ಕರ ಕಲಿಕೆಯನ್ನು ಈ ಬಲದ ಮೇಲೆ ಕಟ್ಟಬೇಕೆಂಬುದು ಈ ಲೇಖನದ ನಿಲುವು. ಕೆಳಗಿನ ಹಂತಗಳನ್ನು ಅದಕ್ಕೆ ತಕ್ಕಂತೆ ಜೋಡಿಸಲಾಗಿದೆ.

ಮೊದಲು ವಾದ್ಯವನ್ನು ಪರೀಕ್ಷಿಸಿ

ವಿದ್ಯುತ್ ಬೇಡದ ಗಿಟಾರ್‌ಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ಸ್ಟೀಲ್ ತಂತಿಯ ಅಕೂಸ್ಟಿಕ್ ಗಿಟಾರ್‌ನ ದನಿ ಗಟ್ಟಿ ಮತ್ತು ಹೊಳಪಿನದು; ಹಾಡಿನ ಜೊತೆಗೆ ನುಡಿಸಲು ಹೆಚ್ಚಿನವರು ಬಯಸುವುದು ಇದನ್ನೇ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್‌ನ ದನಿ ಮೃದು, ಅದರ ಕತ್ತು ಅಗಲ. ಸ್ಟೀಲ್ ಗಿಟಾರ್‌ನ ಕತ್ತು ಮೇಲ್ತುದಿಯಲ್ಲಿ ಸುಮಾರು 43 ಮಿಲಿಮೀಟರ್ ಇದ್ದರೆ ಕ್ಲಾಸಿಕಲ್ ಗಿಟಾರ್‌ನದು ಸಾಮಾನ್ಯವಾಗಿ 52 ಮಿಲಿಮೀಟರ್ ಇರುತ್ತದೆ. ಲೈಟ್ ಗೇಜ್ (ತೆಳು ಬಗೆ) ಎಂದು ಮಾರುವ ಆರು ಸ್ಟೀಲ್ ತಂತಿಗಳು ಒಟ್ಟಾಗಿ ಸುಮಾರು 70 ಕಿಲೋಗ್ರಾಂ ಬಲದಿಂದ ವಾದ್ಯವನ್ನು ಎಳೆಯುತ್ತವೆ, ನೈಲಾನ್ ತಂತಿಗಳ ಎಳೆತ ಅದರ ಅರ್ಧದಷ್ಟು. ದಪ್ಪ ಬೆರಳಿನವರಿಗೂ ಕೀಲುನೋವು ಇರುವವರಿಗೂ ನೈಲಾನ್ ವಾದ್ಯವನ್ನೇ ನಾನು ಸೂಚಿಸುತ್ತೇನೆ. ದನಿ ಜೋರಾಗಲೆಂದು ಕ್ಲಾಸಿಕಲ್ ಗಿಟಾರ್‌ಗೆ ಸ್ಟೀಲ್ ತಂತಿ ಕಟ್ಟುವ ಸಾಹಸವನ್ನು ಮಾತ್ರ ಮಾಡಬಾರದು. ಆ ಎಳೆತಕ್ಕೆ ಕತ್ತು ಬಾಗುತ್ತದೆ, ತಂತಿಯನ್ನು ಹಿಡಿದಿರುವ ಬ್ರಿಜ್ ಕಿತ್ತು ಬರಲೂಬಹುದು.

ಅಂಗಡಿಯಲ್ಲಿ ಬಣ್ಣಕ್ಕಿಂತ, ಬ್ರಾಂಡ್‌ಗಿಂತ ಮೊದಲು ನೋಡಬೇಕಾದದ್ದು ತಂತಿಯು ಫ್ರೆಟ್‌ಗಿಂತ, ಅಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಿಂತ, ಎಷ್ಟು ಎತ್ತರದಲ್ಲಿದೆ ಎಂಬುದನ್ನು. ಈ ಎತ್ತರಕ್ಕೆ ಆ್ಯಕ್ಷನ್ ಎನ್ನುತ್ತಾರೆ. ಬೆರಳು ಸೋತದ್ದಕ್ಕೆ ವಯಸ್ಸನ್ನು ದೂರುವವರಲ್ಲಿ ಅನೇಕರು ನಿಜವಾಗಿ ಹೋರಾಡುತ್ತಿರುವುದು ಎತ್ತರದ ಆ್ಯಕ್ಷನ್‌ನೊಂದಿಗೆ. ಇದನ್ನು ಅಳೆಯಲು ಜೇಬಿನಲ್ಲಿರುವ ಎಟಿಎಂ ಕಾರ್ಡ್‌ಗಳೇ ಸಾಕು, ಏಕೆಂದರೆ ಅವುಗಳ ದಪ್ಪ ಎಲ್ಲೆಡೆ 0.76 ಮಿಲಿಮೀಟರ್. ಉಬ್ಬು ಅಕ್ಷರಗಳಿಲ್ಲದ ಭಾಗವನ್ನು ಹನ್ನೆರಡನೆಯ ಫ್ರೆಟ್‌ನ ಲೋಹದ ಪಟ್ಟಿಯ ಮೇಲೆ ಇಟ್ಟು, ಅತಿ ದಪ್ಪನೆಯ ಆರನೆಯ ತಂತಿಯ ಅಡಿಗೆ ಒಂದರ ಮೇಲೊಂದರಂತೆ ತೂರಿಸಿ ನೋಡಿ. ಸ್ಟೀಲ್ ತಂತಿಯ ವಾದ್ಯದಲ್ಲಿ ಮೂರು ಕಾರ್ಡ್‌ಗಳು ಹಿಡಿಸಬೇಕು; ನಾಲ್ಕು ಕಾರ್ಡ್‌ಗಳು ತಂತಿಯನ್ನು ಎತ್ತದೆ ಸಲೀಸಾಗಿ ನುಸುಳಿದರೆ ಆ ಗಿಟಾರ್ ಹೊಸಬರಿಗೆ ತಕ್ಕದ್ದಲ್ಲ. ನೈಲಾನ್ ವಾದ್ಯದಲ್ಲಿ ಐದರವರೆಗೂ ಹಿಡಿಸುವುದು ಸಹಜ. ಎತ್ತರ ಸ್ವಲ್ಪ ಹೆಚ್ಚಿದ್ದರೆ ಬ್ರಿಜ್ ಮೇಲಿನ ಬಿಳಿಯ ಪಟ್ಟಿಯನ್ನು ಅಡಿಯಿಂದ ಉಜ್ಜಿ ಸರಿಪಡಿಸಿಕೊಡುತ್ತಾರೆ. ಮನೆಯಲ್ಲಿ ಮಕ್ಕಳು ಬಿಟ್ಟುಹೋದ ಹಳೆಯ ಗಿಟಾರ್ ಇದ್ದರೆ ಹೊಸದನ್ನು ಕೊಳ್ಳುವ ಮೊದಲು ಅದಕ್ಕೂ ಇದೇ ಪರೀಕ್ಷೆ ಮಾಡಿ, ಹೊಸ ತಂತಿ ಹಾಕಿಸಿ ನೋಡುವುದು ಒಳ್ಳೆಯದು.

ಶ್ರುತಿ ಮಾಡುವುದು

ದಪ್ಪ ತಂತಿಯಿಂದ ತೆಳು ತಂತಿಯ ಕಡೆಗೆ ಸ್ವರಗಳು ಕ್ರಮವಾಗಿ ಇ, ಎ, ಡಿ, ಜಿ, ಬಿ, ಇ. ಆರಂಭದಲ್ಲಿ ಮೊಬೈಲ್‌ನ ಟ್ಯೂನರ್ ಆ್ಯಪ್ ಅಥವಾ ಕತ್ತಿನ ತುದಿಗೆ ಕಚ್ಚಿಸುವ ಕ್ಲಿಪ್ ಟ್ಯೂನರ್ ಬಳಸಿ. ಸ್ವರ ಮೇಲೆ ಹೋಗಿದ್ದರೆ ಬಿರಡೆಯನ್ನು ಬೇಕಾದುದಕ್ಕಿಂತ ಕೊಂಚ ಹೆಚ್ಚೇ ಸಡಿಲಿಸಿ, ಮತ್ತೆ ಕೆಳಗಿನಿಂದ ಮೇಲಕ್ಕೆ ಬಿಗಿಯುತ್ತಾ ಸರಿಯಾದ ಸ್ವರಕ್ಕೆ ತರಬೇಕು. ಹಾಗೆ ಮಾಡಿದರೆ ತಂತಿ ಬೇಗ ಜಾರುವುದಿಲ್ಲ. ಒಂದೆರಡು ವಾರಗಳ ನಂತರ ಆ್ಯಪ್ ಬದಿಗಿಟ್ಟು ಕಿವಿಯಿಂದಲೇ ಪ್ರಯತ್ನಿಸಿ. ಆರನೆಯ ತಂತಿಯನ್ನು ಐದನೆಯ ಫ್ರೆಟ್‌ನಲ್ಲಿ ಒತ್ತಿದಾಗ ಬರುವ ಸ್ವರವೇ ಐದನೆಯ ತಂತಿಯ ತೆರೆದ (ಎಲ್ಲೂ ಒತ್ತದೆ ಮೀಟಿದ) ಸ್ವರ. ಮುಂದಿನ ತಂತಿಗಳಿಗೂ ಇದೇ ಕ್ರಮವಾದರೂ ಮೂರನೆಯ ತಂತಿಯಿಂದ ಎರಡನೆಯದಕ್ಕೆ ಮಾತ್ರ ನಾಲ್ಕನೆಯ ಫ್ರೆಟ್ ಒತ್ತಬೇಕು. ಎರಡು ಸ್ವರಗಳು ಹತ್ತಿರ ಬಂದಾಗ ದನಿಯಲ್ಲಿ ಒಂದು ಅಲುಗಾಟ ಕೇಳಿಸುತ್ತದೆ. ಸ್ವರಗಳು ಕೂಡುತ್ತಿದ್ದಂತೆ ಅದು ನಿಧಾನವಾಗಿ, ಪೂರ್ಣ ಕೂಡಿದಾಗ ನಿಂತುಬಿಡುತ್ತದೆ. ತಂಬೂರಿಯ ಶ್ರುತಿ ಕೇಳಿ ಬಲ್ಲವರಿಗೆ ಇದು ಹೊಸದಲ್ಲ.

ಕೈಯ ಭಂಗಿ, ಮೊದಲ ಸ್ವರಗಳು

ಕೈಯಿಲ್ಲದ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಗಿಟಾರನ್ನು ಬಲತೊಡೆಯ ಮೇಲಿರಿಸಿ, ಅದರ ಭಾರ ಎಡಗೈಗೆ ಬೀಳದಂತೆ ಬಲ ಮುಂಗೈಯಿಂದ ಹಗುರವಾಗಿ ಹಿಡಿಯಿರಿ. ಎಡಗೈ ಬೆರಳು ಎರಡು ಫ್ರೆಟ್‌ಗಳ ನಡುವೆ ಎಲ್ಲೋ ಒಂದೆಡೆ ಒತ್ತಿದರೆ ಸಾಲದು. ಮುಂದಿನ ಲೋಹದ ಪಟ್ಟಿಗೆ ತಾಗಿಕೊಂಡಂತೆ, ಅದರ ಹಿಂಬದಿಯಲ್ಲೇ ಒತ್ತಬೇಕು. ಒಂದು ಬೆರಳಗಲ ಹಿಂದೆ ಸರಿದರೂ ಹೆಚ್ಚು ಬಲ ಬೇಕಾಗುತ್ತದೆ, ತಂತಿ ಜುಯ್ಯೆನ್ನುತ್ತದೆ. ಎಷ್ಟು ಬಲ ಸಾಕು ಎಂಬುದನ್ನು ತಿಳಿಯಲು ತಂತಿಯ ಮೇಲೆ ಬೆರಳನ್ನು ಸುಮ್ಮನೆ ಇಟ್ಟು, ಮೀಟುತ್ತಾ ಮೀಟುತ್ತಾ ಒತ್ತಡವನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ದನಿ ಸ್ಪಷ್ಟವಾದ ಕ್ಷಣದಲ್ಲಿ ನಿಲ್ಲಿಸಿ. ಅದಕ್ಕಿಂತ ಹೆಚ್ಚಿನ ಬಲವೆಲ್ಲ ವ್ಯರ್ಥ.

ಹೆಚ್ಚಿನ ಪಾಠಗಳು ನೇರವಾಗಿ ಕಾರ್ಡ್‌ನಿಂದ, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದರಿಂದ, ಆರಂಭವಾಗುತ್ತವೆ. ನಮ್ಮ ಕಲಿಕಾರ್ಥಿಗಳು ಸರಿಗಮದಿಂದ ಆರಂಭಿಸುವುದು ಮೇಲು. ಐದನೆಯ ತಂತಿಯ ಮೂರನೆಯ ಫ್ರೆಟ್ ಷಡ್ಜವಾಗಲಿ. ನಾಲ್ಕನೆಯ ತಂತಿ ತೆರೆದು ನುಡಿದರೆ ರಿಷಭ, ಅದರ ಎರಡನೆಯ ಫ್ರೆಟ್ ಗಾಂಧಾರ, ಮೂರನೆಯ ಫ್ರೆಟ್ ಮಧ್ಯಮ. ಮೂರನೆಯ ತಂತಿ ತೆರೆದರೆ ಪಂಚಮ, ಅದರ ಎರಡನೆಯ ಫ್ರೆಟ್ ಧೈವತ. ಎರಡನೆಯ ತಂತಿ ತೆರೆದರೆ ನಿಷಾದ, ಅದರ ಮೊದಲ ಫ್ರೆಟ್ ತಾರಷಡ್ಜ. ಪಾಶ್ಚಾತ್ಯರು ಸಿ ಮೇಜರ್ ಎನ್ನುವ ಈ ಸ್ವರಶ್ರೇಣಿಯೇ ನಮ್ಮ ಶಂಕರಾಭರಣದ ಸ್ವರಸ್ಥಾನಗಳು. ಮಧ್ಯಮ, ನಿಷಾದಗಳನ್ನು ಬಿಟ್ಟರೆ ಮೋಹನ. ಬಾಲ್ಯದಲ್ಲಿ ಸರಳೆ ವರಸೆ ಕಲಿತು ಬಿಟ್ಟವರು ಅದನ್ನು ಇಲ್ಲಿ ನುಡಿಸಿ ನೋಡಬಹುದು; ಕಲಿಯದವರು ತಮಗೆ ಬಾಯಿಪಾಠವಾಗಿರುವ ಹಾಡಿನ ಒಂದು ಸಾಲನ್ನು ಹುಡುಕಬಹುದು. ಒಂದು ತಪ್ಪು ಸ್ವರ ಬಿದ್ದ ಕೂಡಲೇ ಕಿವಿ ಎಚ್ಚರಿಸುತ್ತದೆ, ಬೆರಳು ಪಕ್ಕದ ಫ್ರೆಟ್‌ಗೆ ಸರಿಯುತ್ತದೆ. ಗಮಕದ ಪ್ರಯತ್ನ ಈಗ ಬೇಡ.

ಕಾರ್ಡ್ ಬದಲಾಯಿಸುವುದು

ಮೂರು ಅಥವಾ ಹೆಚ್ಚು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಕಾರ್ಡ್. ಒಂದು ಕಾರ್ಡ್ ಹಿಡಿಯುವುದು ಯಾರಿಗೂ ಬಹಳ ಕಷ್ಟವಲ್ಲ. ಹಾಡು ನಿಲ್ಲುವುದು ಒಂದರಿಂದ ಇನ್ನೊಂದಕ್ಕೆ ಹೋಗುವಾಗ. ಆದ್ದರಿಂದ ಕಾರ್ಡ್‌ಗಳನ್ನು ಜೋಡಿಯಾಗಿ ಕಲಿಯಬೇಕು, ಅದರಲ್ಲೂ ಬೆರಳುಗಳನ್ನು ಹಂಚಿಕೊಳ್ಳುವ ಜೋಡಿಗಳನ್ನು ಮೊದಲು ಆರಿಸಬೇಕು.

ಎ ಮೈನರ್ ಮತ್ತು ಸಿ ಮೇಜರ್ ಅಂಥ ಜೋಡಿ. ಎ ಮೈನರ್‌ನಲ್ಲಿ ತೋರುಬೆರಳು ಎರಡನೆಯ ತಂತಿಯ ಮೊದಲ ಫ್ರೆಟ್ ಮೇಲೆ, ನಡುಬೆರಳು ನಾಲ್ಕನೆಯ ತಂತಿಯ ಎರಡನೆಯ ಫ್ರೆಟ್ ಮೇಲೆ, ಉಂಗುರಬೆರಳು ಮೂರನೆಯ ತಂತಿಯ ಎರಡನೆಯ ಫ್ರೆಟ್ ಮೇಲೆ ಇರುತ್ತವೆ. ಸಿ ಮೇಜರ್‌ಗೆ ಹೋಗಲು ಮೊದಲೆರಡು ಬೆರಳುಗಳು ಅಲುಗಾಡಬೇಕಾಗಿಲ್ಲ. ಉಂಗುರಬೆರಳು ಮಾತ್ರ ಐದನೆಯ ತಂತಿಯ ಮೂರನೆಯ ಫ್ರೆಟ್‌ಗೆ ನೆಗೆದರೆ ಸಾಕು. ಹೊಸಬರು ಮೂರೂ ಬೆರಳುಗಳನ್ನು ಎತ್ತಿ ಮತ್ತೆ ಮೊದಲಿನಿಂದ ಹುಡುಕುತ್ತಾರೆ. ಈ ಅಭ್ಯಾಸವನ್ನು ಮೊದಲ ವಾರದಲ್ಲೇ ತಡೆಯದಿದ್ದರೆ ಮುಂದೆ ಬಿಡಿಸುವುದು ಕಷ್ಟ. ಮೊದಲು ಬಲಗೈ ಬಳಸದೆ, ಉಂಗುರಬೆರಳೊಂದನ್ನೇ ಹಿಂದಕ್ಕೂ ಮುಂದಕ್ಕೂ ಒಯ್ಯಿರಿ. ನಂತರ ಪ್ರತಿ ಬದಲಾವಣೆಗೂ ಒಮ್ಮೆ ಮೀಟಿ. ಒಂದು ನಿಮಿಷದಲ್ಲಿ ಮೂವತ್ತು ಬಾರಿ ತಪ್ಪಿಲ್ಲದೆ ಬದಲಾಯಿಸಲು ಸಾಧ್ಯವಾದರೆ ನಿಧಾನಗತಿಯ ಹಾಡಿಗೆ ಆ ಜೋಡಿ ಸಿದ್ಧವಾಗಿದೆ ಎಂದು ತಿಳಿಯಬಹುದು. ಇದೇ ರೀತಿ ಇ ಮೇಜರ್‌ನ ಆಕಾರವನ್ನು ಹಾಗೆಯೇ ತೆಳು ತಂತಿಗಳ ಕಡೆಗೆ ಒಂದೊಂದು ತಂತಿ ಸರಿಸಿದರೆ ಎ ಮೈನರ್ ಆಗುತ್ತದೆ.

ತಾಳವನ್ನು ಬಲಗೈಗೆ ತರುವುದು

ಸುಗಮ ಸಂಗೀತದಲ್ಲಿ ತಬಲಾದ ಮೇಲೆ ನಿತ್ಯ ಕೇಳುವ ಕೆಹರವಾ ಎಂಟು ಮಾತ್ರೆಯದು, ದಾದ್ರಾ ಆರು ಮಾತ್ರೆಯದು. ಇವೆರಡೂ ಒಲಿದರೆ ಬಹುಪಾಲು ಹಾಡುಗಳಿಗೆ ದಾರಿಯಾಗುತ್ತದೆ. ಕೆಹರವಾಕ್ಕೆ ಒಂದು, ಮೂರು, ಐದು, ಏಳನೆಯ ಮಾತ್ರೆಗಳಲ್ಲಿ ಕೈ ಕೆಳಗೆ, ಉಳಿದವುಗಳಲ್ಲಿ ಮೇಲೆ ಚಲಿಸಲಿ. ದಾದ್ರಾಕ್ಕೆ ಒಂದು ಮತ್ತು ನಾಲ್ಕನೆಯ ಮಾತ್ರೆಗಳಲ್ಲಿ ಹೆಬ್ಬೆರಳಿನಿಂದ ದಪ್ಪ ತಂತಿಯೊಂದನ್ನು ಮೀಟಿ, ಉಳಿದ ನಾಲ್ಕು ಮಾತ್ರೆಗಳಲ್ಲಿ ತೆಳು ತಂತಿಗಳನ್ನು ಹಗುರವಾಗಿ ಸವರಿ. ‘ಧಾ ಧಿ ನಾ, ಧಾ ತಿ ನಾ’ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ನುಡಿಸಿದರೆ ಗತಿ ತೋರಿಸುವ ಮೆಟ್ರೊನೋಮ್ ಯಂತ್ರಕ್ಕಿಂತ ಬೇಗ ಹಿಡಿತ ಬರುತ್ತದೆ. ಎಡಗೈ ಕಾರ್ಡ್ ಹುಡುಕುತ್ತಾ ತಡವಾದರೂ ಬಲಗೈ ನಿಲ್ಲಬಾರದು. ತೆರೆದ ತಂತಿಗಳ ಮೇಲೆ ಒಂದೆರಡು ಮಾತ್ರೆ ಹೋದರೂ ಹೋಗಲಿ, ತಾಳ ಉಳಿಯಬೇಕು.

ಹಾಡಿಕೊಂಡು ನುಡಿಸುವವರಿಗೆ ಕತ್ತಿಗೆ ಕಚ್ಚಿಸಿ ಎಲ್ಲ ತಂತಿಗಳನ್ನೂ ಒಂದು ಫ್ರೆಟ್‌ನಲ್ಲಿ ಅದುಮಿ ಶ್ರುತಿ ಏರಿಸುವ ಕೇಪೋ ದೊಡ್ಡ ಅನುಕೂಲ. ಹಾರ್ಮೋನಿಯಂನ ಬಿಳಿ ಒಂದರಲ್ಲಿ (ಸಿ ಸ್ವರ) ಹಾಡುವವರು ಸಿ ಮೇಜರ್ ಸುತ್ತಲಿನ ಕಾರ್ಡ್‌ಗಳನ್ನು ಹಾಗೆಯೇ ಹಿಡಿಯಬಹುದು. ಕಪ್ಪು ಒಂದರಲ್ಲಿ ಹಾಡುವವರು ಮೊದಲ ಫ್ರೆಟ್‌ಗೆ ಕೇಪೋ ಹಾಕಿ ಅವೇ ಆಕಾರಗಳನ್ನು ಬಳಸಬಹುದು. ಜಿಯಿಂದ ಎವರೆಗಿನ ಶ್ರುತಿಯಲ್ಲಿ ಹಾಡುವ ಹೆಂಗಸರಿಗೆ ಜಿ ಮೇಜರ್‌ನ ಆಕಾರಗಳು ಮತ್ತು ಎರಡನೆಯ ಫ್ರೆಟ್‌ವರೆಗಿನ ಕೇಪೋ ಸಾಕಾಗುತ್ತದೆ.

ಎಷ್ಟು ಹೊತ್ತು, ಎಷ್ಟು ನೋವು

ಭಾನುವಾರ ಎರಡು ಗಂಟೆ ಕೂರುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಕೂರುವುದು ಮೇಲು. ಕೈಗೆ ಹೊಸ ಚಲನೆ ರೂಢಿಯಾಗುವುದು ನಡುನಡುವಿನ ವಿಶ್ರಾಂತಿ ಮತ್ತು ನಿದ್ರೆಯ ಹೊತ್ತಿನಲ್ಲೂ ನಡೆಯುವ ಕೆಲಸ. ಬೆರಳ ತುದಿ ಉರಿಯುವುದು ಸಹಜ, ಕೆಲವು ವಾರಗಳಲ್ಲಿ ಅಲ್ಲಿನ ಚರ್ಮ ಜಡ್ಡುಗಟ್ಟುತ್ತದೆ. ಪಾತ್ರೆ ತೊಳೆದ ಕೂಡಲೇ, ಸ್ನಾನ ಮಾಡಿದ ಕೂಡಲೇ ನುಡಿಸಬೇಡಿ. ನೆನೆದ ಚರ್ಮ ಸುಲಿಯುತ್ತದೆ. ಆದರೆ ಮಣಿಕಟ್ಟಿನಲ್ಲಿ ನೋವು, ಬೆರಳುಗಳಲ್ಲಿ ಜುಮುಗುಟ್ಟುವಿಕೆ ಅಥವಾ ಮರಗಟ್ಟುವಿಕೆ ಕಂಡರೆ ಅಂದಿಗೆ ನಿಲ್ಲಿಸಿ, ಅದು ಮರುಕಳಿಸಿದರೆ ವೈದ್ಯರನ್ನು ಕಾಣಿ. ಮಧುಮೇಹದಿಂದ ಬೆರಳ ತುದಿಯ ಸ್ಪರ್ಶ ಕುಂದಿರುವವರು ಗಾಯ ಗಮನಕ್ಕೆ ಬಾರದೆ ಹೋಗಬಹುದಾದ್ದರಿಂದ ನುಡಿಸಿದ ಮೇಲೆ ಬೆರಳುಗಳನ್ನು ನೋಡಿಕೊಳ್ಳುವ ರೂಢಿ ಇಟ್ಟುಕೊಳ್ಳಬೇಕು. ವಿಡಿಯೊ ಪಾಠಗಳು ಎಷ್ಟೇ ಚೆನ್ನಾಗಿದ್ದರೂ ನಿಮ್ಮ ಮಣಿಕಟ್ಟು ಮಡಿಸಿರುವುದನ್ನು ಅವು ನೋಡಲಾರವು. ಮೊದಲ ಕೆಲವು ತರಗತಿಗಳಿಗಾದರೂ ಒಬ್ಬ ಶಿಕ್ಷಕರು ಎದುರಿಗಿರಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ವಾದ್ಯಕ್ಕೂ ಆರೈಕೆ ಬೇಕು. ಕರಾವಳಿಯ ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ತಂತಿ ಮೇಲೇಳುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಡಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮರ ಒಣಗಿ ಬಿರುಕು ಬಿಡುವ ಅಪಾಯವಿರುವುದರಿಂದ ರಂಧ್ರ ಕೊರೆದ ಸಾಬೂನು ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜನ್ನು ಇಡುವುದು ಸರಳ ಉಪಾಯ.

ಎಫ್ ಎಂಬ ಗೋಡೆ

ಆರು ತಂತಿಗಳನ್ನೂ ತೋರುಬೆರಳೊಂದರಿಂದ ಅದುಮಬೇಕಾದ ಎಫ್ ಮೇಜರ್ ಬಂದಾಗ ಮತ್ತೊಮ್ಮೆ ಅನೇಕರು ಕೈಬಿಡುತ್ತಾರೆ. ಅವಸರ ಬೇಡ. ಅಲ್ಲಿಯವರೆಗೆ ಎಫ್ ಮೇಜರ್ ಸೆವೆನ್ ಬಳಸಿ: ಸಿ ಮೇಜರ್ ಹಿಡಿದಿರುವಾಗ ತೋರುಬೆರಳು ಇದ್ದಲ್ಲೇ ಇರಲಿ, ಉಳಿದೆರಡು ಬೆರಳುಗಳು ಅದೇ ಫ್ರೆಟ್‌ಗಳಲ್ಲಿ ತೆಳು ತಂತಿಗಳ ಕಡೆಗೆ ಒಂದೊಂದು ತಂತಿ ಸರಿಯಲಿ, ತೆಳುವಾದ ನಾಲ್ಕು ತಂತಿಗಳನ್ನು ಮಾತ್ರ ನುಡಿಸಿ. ಪೂರ್ಣ ಆಕಾರವನ್ನು ಅಭ್ಯಾಸ ಮಾಡುವಾಗ ಮೊದಲ ಫ್ರೆಟ್‌ನಿಂದ ಆರಂಭಿಸಬೇಡಿ, ಅಲ್ಲಿ ತಂತಿ ಅತ್ಯಂತ ಬಿರುಸು. ಐದನೆಯ ಫ್ರೆಟ್‌ನಲ್ಲಿ ತೋರುಬೆರಳನ್ನು ತುಸು ಹೊರಳಿಸಿ, ಅದರ ಮೆತ್ತಗಿನ ಭಾಗದ ಬದಲು ಹೆಬ್ಬೆರಳ ಕಡೆಯ ಗಟ್ಟಿ ಅಂಚಿನಿಂದ ತಂತಿಗಳನ್ನು ಅದುಮಿ. ಅಲ್ಲಿ ದನಿ ಸ್ಪಷ್ಟವಾದ ಮೇಲೆ ವಾರಕ್ಕೊಂದರಂತೆ ಕೆಳಗಿನ ಫ್ರೆಟ್‌ಗೆ ಇಳಿಯಿರಿ. ಐದರಲ್ಲಿ ನುಡಿಯುವುದು ಎ ಮೇಜರ್, ಮೂರರಲ್ಲಿ ಜಿ ಮೇಜರ್, ಒಂದಕ್ಕೆ ಬಂದು ತಲುಪಿದಾಗ ಎಫ್ ಮೇಜರ್.