ಸೋತವರ ಕೈಯ ಟಿಕೆಟ್

ಎಸಿಸಿ ಎಂಬ ಅಮೆರಿಕದ ಕಾಲೇಜು ಲೀಗಿನ, ಸೋತವರು ಹೊರಬೀಳುವ ಬ್ಯಾಸ್ಕೆಟ್‌ಬಾಲ್ ಟೂರ್ನಿಗೆ ಎಲ್ಲ ದಿನಗಳ ಟಿಕೆಟ್ ಸೇರಿದ ಇಡೀ ಬುಕ್ ಕೊಳ್ಳುವುದಿಲ್ಲ, ನಮ್ಮ ತಂಡ ಗೆದ್ದ ಮೇಲಷ್ಟೇ ಮರುದಿನದ್ದನ್ನು ಕೊಳ್ಳುತ್ತೇನೆ, ಅದೂ ಅಂದು ಸೋತವರ ಅಭಿಮಾನಿಗಳಿಂದಲೇ ಕೊಳ್ಳುತ್ತೇನೆ ಎಂದು 2024ರ ಮಾರ್ಚ್‌ನಲ್ಲಿ ನಾನು ಹೇಳಿದಾಗ ನಾರ್ತ್ ಕ್ಯಾರೊಲೈನಾದ ನಮ್ಮೂರು ಕ್ಯಾರಿಯ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. ಗೆದ್ದಂತೆಲ್ಲ ಬೆಲೆ ಏರುತ್ತದೆ, ಕೊನೆಗೆ ಹೊರಗೆ ನಿಂತು ಫೋನಿನಲ್ಲಿ ಪಂದ್ಯ ನೋಡುತ್ತೀಯ ಎಂಬುದು ಅವರ ವಾದವಾಗಿತ್ತು. ಅವರಿಗಿದ್ದ ಇನ್ನೊಂದು ಅನುಮಾನವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಮ್ಮ ತಂಡವಾದ ನಾರ್ತ್ ಕ್ಯಾರೊಲೈನಾ ಸ್ಟೇಟ್ ಆ ವರ್ಷ ಲೀಗಿನ ಕೊನೆಯ ನಾಲ್ಕೂ ಪಂದ್ಯ ಸೋತು ಹತ್ತನೇ ಸ್ಥಾನದಲ್ಲಿತ್ತು. ಪ್ರಶಸ್ತಿ ಬೇಕಾದರೆ ಐದು ದಿನಗಳಲ್ಲಿ ಐದು ಪಂದ್ಯ ಗೆಲ್ಲಬೇಕಿತ್ತು, ಎಸಿಸಿಯಲ್ಲಿ ಅದುವರೆಗೆ ಯಾವ ತಂಡವೂ ಅದನ್ನು ಮಾಡಿರಲಿಲ್ಲ.

ಈ ಉಪಾಯ ನನಗೆ ಹೊಳೆದದ್ದು ಜಾಣತನದಿಂದಲ್ಲ, ಪೆಟ್ಟು ತಿಂದು. ಹಿಂದಿನ ವರ್ಷ ಗ್ರೀನ್ಸ್‌ಬರೊದಲ್ಲಿ ನಡೆದ ಟೂರ್ನಿಗೆ ಸುಮಾರು 500 ಡಾಲರ್ ತೆತ್ತು ಇಡೀ ಬುಕ್ ಕೊಂಡಿದ್ದೆ. ಬುಧವಾರ ವರ್ಜೀನಿಯಾ ಟೆಕ್ ಮೇಲೆ ನಮ್ಮವರು 97 ಅಂಕ ಹೊಡೆದಾಗ ಕೊಟ್ಟ ಹಣ ಸಾರ್ಥಕವಾಯಿತೆಂದುಕೊಂಡೆ. ಗುರುವಾರ ಕ್ಲೆಮ್ಸನ್ ಎದುರು 80-54ರಿಂದ ಸೋತೆವು. ಅದೇ ರಾತ್ರಿ ಚಾಪೆಲ್ ಹಿಲ್‌ನವರೂ (ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ತಂಡ) ವರ್ಜೀನಿಯಾಕ್ಕೆ ಸೋತರು. ಶುಕ್ರವಾರ ಮತ್ತು ಶನಿವಾರದ ನನ್ನ ಟಿಕೆಟ್‌ಗಳನ್ನು ಮಾರಲು ಹೊರಗೆ ಬಂದರೆ, ಅವರ ತಿಳಿನೀಲಿ ಅಂಗಿಯ ನೂರಾರು ಜನ ಅದೇ ಸರಕನ್ನು ಹಿಡಿದು ನಿಂತಿದ್ದರು. ಎರಡನ್ನೂ ಸೇರಿಸಿ 40 ಡಾಲರಿಗೆ ಇನ್ನೂ ಆಟದಲ್ಲಿದ್ದ ಡ್ಯೂಕ್ ತಂಡದ ಒಬ್ಬ ಅಭಿಮಾನಿಗೆ ಕೊಟ್ಟು ಮನೆಗೆ ಬಂದೆ. ಅವನ ಮುಖದ ಸಂತೋಷ ಕಂಡಾಗಲೇ, ಈ ವ್ಯಾಪಾರದಲ್ಲಿ ಯಾವ ಕಡೆ ನಿಂತರೆ ಲಾಭವೆಂಬುದು ನನಗೆ ತಿಳಿಯಿತು.

ಅದಕ್ಕೂ ಮೊದಲಿನ ಎಡವಟ್ಟೊಂದಿದೆ. ನಮ್ಮ ತಂಡದ ಊರಾದ ರಾಲಿಯಲ್ಲಿ ಚಾಪೆಲ್ ಹಿಲ್ ವಿರುದ್ಧದ ಪಂದ್ಯದ ದಿನ ಕಾರು ನಿಲ್ಲಿಸುವ ಜಾಗದಲ್ಲಿ ಒಬ್ಬನಿಗೆ 60 ಡಾಲರ್ ಕೊಟ್ಟು ಟಿಕೆಟ್ಟಿನ ಸ್ಕ್ರೀನ್‌ಶಾಟ್ ತೆಗೆದುಕೊಂಡಿದ್ದೆ. ಬಾರ್‌ಕೋಡ್ ಕ್ಷಣಕ್ಷಣಕ್ಕೂ ಬದಲಾಗುತ್ತದೆಂಬುದು ಬಾಗಿಲಿನ ಯಂತ್ರ ಕೆಂಪು ದೀಪ ತೋರಿಸಿದಾಗ ಅರ್ಥವಾಯಿತು. ಅಂದಿನಿಂದ, ಟಿಕೆಟ್ ನನ್ನ ಖಾತೆಗೆ ಬಂದು ಕೂರುವವರೆಗೆ ಹಣ ಕೈಬಿಡುವುದಿಲ್ಲ.

ನಡುವೆ ಎರಡು ಚಳಿಗಾಲ ಬೆಲೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ಹುಚ್ಚೂ ಹಿಡಿದಿತ್ತು. ಡಿಸೆಂಬರ್‌ನಲ್ಲಿ ಸಣ್ಣ ಕಾಲೇಜುಗಳು ಆಡಲು ಬಂದಾಗ, ಆಟ ಶುರುವಾಗಿ ಐದು ನಿಮಿಷವಾದ ಮೇಲೆ 8 ಡಾಲರಿಗೂ ಸೀಟು ಸಿಗುತ್ತಿತ್ತು, ಆದರೆ ಕಾರು ನಿಲ್ಲಿಸಲು ಅದರ ಎರಡರಷ್ಟು ತೆರಬೇಕಿತ್ತು. ಮದುವೆಗಿಂತ ಮಂಟಪದ ಬಾಡಿಗೆ ಹೆಚ್ಚಾದಂತೆ. ಹಾಗಾಗಿ ಆ ದಿನಗಳಲ್ಲಿ ಕ್ಯಾಂಪಸ್ಸಿನೊಳಗಿನ ರೆನಾಲ್ಡ್ಸ್ ಕೊಲಿಸಿಯಂನಲ್ಲಿ ಮಹಿಳಾ ತಂಡದ ಪಂದ್ಯಗಳಿಗೆ ಹೋಗತೊಡಗಿದೆ. 1949ರ ಆ ಹಳೆಯ ಕಟ್ಟಡದಲ್ಲಿ ಆಟಗಾರ್ತಿಯರ ಬೂಟಿನ ಕಿರುಗುಟ್ಟುವಿಕೆ ಕೇಳುವಷ್ಟು ಹತ್ತಿರ ಕೂರಬಹುದು. ಹಣ ಉಳಿಸಲು ಹೋದವನು ಎರಡು ತಂಡಗಳಿಗೆ ಅಂಟಿಕೊಂಡೆ, ಒಟ್ಟು ಖರ್ಚು ಮಾತ್ರ ಇಳಿಯಲಿಲ್ಲ.

2024ರ ಟೂರ್ನಿ ನಡೆದ ವಾಷಿಂಗ್ಟನ್‌ನಲ್ಲಿ ಉಳಿದುಕೊಳ್ಳುವ ಖರ್ಚಿರಲಿಲ್ಲ, ಏಕೆಂದರೆ ಅಕ್ಕನ ಮನೆ ಹೊರವಲಯದ ಆಶ್‌ಬರ್ನ್‌ನಲ್ಲಿದೆ. ಮಧ್ಯಾಹ್ನದವರೆಗೆ ಅಲ್ಲಿಂದಲೇ ಕಚೇರಿಯ ಕೆಲಸ ಮಾಡಿ, ಸಿಲ್ವರ್ ಲೈನ್ ಮೆಟ್ರೊ ರೈಲು ಹಿಡಿದು ಮೆಟ್ರೊ ಸೆಂಟರ್‌ನಲ್ಲಿ ಬದಲಿಸಿ, ಗ್ಯಾಲರಿ ಪ್ಲೇಸ್‌ನಲ್ಲಿ ಇಳಿದರೆ ಕ್ರೀಡಾಂಗಣ ತಲೆಯ ಮೇಲೇ ಇರುತ್ತದೆ. ಮಂಗಳವಾರ ಹೊರಡುವಾಗ ಭಾವ, "ಒಂದೇ ದಿನಕ್ಕೆ ವಾಪಸ್ ಬರ್ತೀಯ, ಐದು ಜೊತೆ ಬಟ್ಟೆ ಯಾಕೋ ತಂದೆ?" ಎಂದು ನಕ್ಕರು. "ಶನಿವಾರ ಮಾತಾಡೋಣ ಭಾವ" ಎಂದಷ್ಟೇ ಹೇಳಿದೆ. ಒಳಗೆ ಅಂಥ ಧೈರ್ಯವೇನೂ ಇರಲಿಲ್ಲ.

ಮಂಗಳವಾರ ಲೂಯಿವಿಲ್ ಎದುರಿನ ಪಂದ್ಯಕ್ಕೆ ಅರ್ಧ ಕ್ರೀಡಾಂಗಣವೂ ತುಂಬಿರಲಿಲ್ಲ. ಟಿಕೆಟ್ 15 ಡಾಲರ್ ಇದ್ದಿರಬೇಕು. ಬುಧವಾರ ಸಿರಾಕ್ಯೂಸ್ ಪಂದ್ಯಕ್ಕೆ 30. ಎರಡೂ ಗೆದ್ದೆವು. ಗುರುವಾರ ಡ್ಯೂಕ್ ಬಂದಾಗ 75 ಕೊಡಬೇಕಾಯಿತು, ಅಲ್ಲಿ ನನ್ನ ಉಪಾಯ ಕೆಲಸಕ್ಕೆ ಬರಲಿಲ್ಲವೆಂದೇ ಒಪ್ಪಿಕೊಳ್ಳಬೇಕು. ಹಿಂದಿನ ರಾತ್ರಿ ಸೋತವರು ಸಣ್ಣ ಗುಂಪಿನವರು, ಅವರ ಕೈಯಲ್ಲಿ ಮಾರಲು ಹೆಚ್ಚೇನೂ ಇರಲಿಲ್ಲ. ಈ ಉಪಾಯ ಫಲಿಸಬೇಕಾದರೆ ದೊಡ್ಡ ಅಭಿಮಾನಿ ಬಳಗದ ತಂಡವೇ ಸೋಲಬೇಕು.

ಆ ರಾತ್ರಿ ಡ್ಯೂಕ್ 74-69ರಿಂದ ಸೋತಿತು. ಕೊನೆಯ ಸೀಟಿಯಾದ ಕೂಡಲೇ ನಾನು ಕುಣಿಯದೆ ಹೊರಗೆ ಓಡಿದೆ. ಯಾವ ಬಾಗಿಲಿನ ಬಳಿ ನಿಂತೆ, ಮೊದಲ ಮಾತು ಏನೆಂದು ಆಡಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ನನಗೆ ಇನ್ನೂ ಬೇಕಾದೀತು. ಇಷ್ಟು ಹೇಳಬಲ್ಲೆ: ಗೆದ್ದ ತಂಡದ ಕೆಂಪು ಅಂಗಿಯ ಮೇಲೆ ಕಪ್ಪು ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೆ ಎಳೆದಿರಬೇಕು, ಮುಖದಲ್ಲಿ ನಗು ಇರಬಾರದು. ವಯಸ್ಸಾದ ದಂಪತಿಯೊಬ್ಬರು ಮರುದಿನ ಬೆಳಿಗ್ಗೆಯೇ ಡ್ಯೂಕ್‌ನ ಊರಾದ ಡರಮ್‌ಗೆ ಹೊರಡುವವರಿದ್ದರು. ಅವರಿಗೆ ಟಿಕೆಟ್ ವರ್ಗಾಯಿಸುವುದು ಗೊತ್ತಿರಲಿಲ್ಲ, ನಾನೇ ಅವರ ಫೋನ್ ಹಿಡಿದು ತೋರಿಸಿಕೊಟ್ಟೆ. ಶುಕ್ರವಾರದ ಎರಡೂ ಸೆಮಿಫೈನಲ್ ಮತ್ತು ಶನಿವಾರದ ಫೈನಲ್ ಸೇರಿ 160 ಡಾಲರ್. ಕೆಳಗಿನ ಹಂತದ ಸೀಟು.

ದಿನಕ್ಕೊಂದೇ ಟಿಕೆಟ್ ಎಂಬ ನನ್ನದೇ ನಿಯಮವನ್ನು ಅಂದು ಮುರಿದಿದ್ದೆ, ಶುಕ್ರವಾರ ಅದಕ್ಕೆ ತಕ್ಕ ಶಿಕ್ಷೆಯಾಗುವುದರಲ್ಲಿತ್ತು. 5.3 ಸೆಕೆಂಡ್ ಉಳಿದಿದ್ದಾಗ ವರ್ಜೀನಿಯಾ ಮೂರು ಅಂಕ ಮುಂದಿತ್ತು, ಫೌಲ್‌ಗೆ ಸಿಗುವ ಫ್ರೀ ಥ್ರೋ ಕೂಡ ಅವರದೇ. ನನ್ನ ಪಕ್ಕದವನು ಆಗಲೇ ಕೋಟು ಹಾಕಿಕೊಳ್ಳುತ್ತಿದ್ದ, ನಾನು ಜೇಬಿನಲ್ಲಿದ್ದ ಫೋನನ್ನು ಮುಟ್ಟಿ ಶನಿವಾರದ ಟಿಕೆಟ್ಟಿಗೆ ಎಷ್ಟು ಸಿಗಬಹುದೆಂದು ಲೆಕ್ಕ ಹಾಕುತ್ತಿದ್ದೆ. ಫ್ರೀ ಥ್ರೋ ತಪ್ಪಿತು. ನಮ್ಮ ಮೈಕಲ್ ಓಕಾನೆಲ್ ಚೆಂಡನ್ನು ಓಡಿಸಿಕೊಂಡು ಬಂದು ಮೂರಂಕದ ಗೆರೆಯ ಹೊರಗಿನಿಂದ ಎಸೆದ. ಅದು ಹಲಗೆಗೆ ಬಡಿದು, ರಿಂಗಿನ ಮೇಲೆ ಪುಟಿದು, ಬೀಳಲೋ ಬೇಡವೋ ಎಂಬಂತೆ ತಡೆದು, ಒಳಗೆ ಬಿತ್ತು. ಕೋಟಿನ ಒಂದೇ ತೋಳಿನಲ್ಲಿ ಕೈಯಿದ್ದಂತೆಯೇ ಪಕ್ಕದವನು ನನ್ನನ್ನು ಅಪ್ಪಿಕೊಂಡ. ಹೆಚ್ಚುವರಿ ಅವಧಿಯಲ್ಲಿ 73-65. ಕೊನೆಯ ರೈಲಿಗೆ ಓಡಿದವರಲ್ಲಿ ಮುಕ್ಕಾಲು ಪಾಲು ಕೆಂಪು ಅಂಗಿಯವರೇ ಇದ್ದರು.

ಶನಿವಾರ ಚಾಪೆಲ್ ಹಿಲ್ ವಿರುದ್ಧದ ಫೈನಲ್‌ಗೆ ನನ್ನ ಸಾಲಿನ ಸೀಟು ಒಂದಕ್ಕೇ 250ರ ಮೇಲೆ ನಡೆಯುತ್ತಿತ್ತೆಂದು ಪಕ್ಕದವರು ಹೇಳಿದರು. ನಮ್ಮ ಡಿ.ಜೆ. ಬರ್ನ್ಸ್ ಆ ದೊಡ್ಡ ದೇಹವನ್ನು ನಾಟ್ಯದವನಂತೆ ತಿರುಗಿಸುತ್ತ ಎಡಗೈಯಿಂದ ಚೆಂಡು ಹಾಕುವುದನ್ನು ಹದಿನೈದು ಸಾಲು ದೂರದಿಂದ ನೋಡಿದೆ. 84-76. 1987ರ ನಂತರ ನಮಗೆ ಸಿಕ್ಕ ಮೊದಲ ಎಸಿಸಿ ಪ್ರಶಸ್ತಿ ಅದು. ಐದು ದಿನಗಳ ಟಿಕೆಟ್ ಖರ್ಚು ಒಟ್ಟು 280 ಡಾಲರ್, ಅಂದರೆ ಗ್ರೀನ್ಸ್‌ಬರೊದಲ್ಲಿ ಎರಡು ಪಂದ್ಯ ನೋಡಲು ಕಳೆದದ್ದಕ್ಕಿಂತ ಬಹಳ ಕಡಿಮೆ. ಮಧ್ಯರಾತ್ರಿಯ ಮೇಲೆ ಬಾಗಿಲು ತೆರೆದ ಭಾವನಿಗೆ ನಾನು ಏನೂ ಹೇಳಲಿಲ್ಲ, ಒಗೆಯಬೇಕಾದ ಐದು ಜೊತೆ ಬಟ್ಟೆಯನ್ನು ಯಂತ್ರಕ್ಕೆ ಹಾಕಿದೆ.

ಮುಂದೆ ತಂಡ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್ ಹಂತವಾದ ಫೈನಲ್ ಫೋರ್ ತಲುಪಿದಾಗ ಅರಿಜೋನಾದ ವಿಮಾನದ ದರ ನೋಡಿ ಮನೆಯಲ್ಲೇ ಕೂತೆ. ಸೋತವರು ಟಿಕೆಟ್ ಮಾರಿಯಾರು, ವಿಮಾನದ ಸೀಟನ್ನು ಮಾರಲಾರರು. ಪರ್ಡ್ಯೂ ಎದುರು 63-50ರಿಂದ ಸೋತೆವು.

ಮರುವರ್ಷ ಟೂರ್ನಿ ನಮ್ಮದೇ ರಾಜ್ಯದ ಶಾರ್ಲಟ್‌ಗೆ ಬರುತ್ತದೆಂದು ತಿಳಿದು ಭಾವನೇ ಜನವರಿಯಲ್ಲಿ ಕರೆ ಮಾಡಿ, "ಈ ಸಲ ನಾನೂ ಬರ್ತೀನಿ, ಬಾಗಿಲು ಯಾವುದು ಅಂತ ನನಗಾದ್ರೂ ಹೇಳು" ಎಂದರು. ಹೇಳಿದೆ. ಹದಿನೆಂಟು ತಂಡಗಳ ಲೀಗಿನಲ್ಲಿ ಟೂರ್ನಿಗೆ ಕರೆದದ್ದು ಹದಿನೈದನ್ನು, ನಮ್ಮದು ಅದರಲ್ಲಿರಲಿಲ್ಲ.