ನೀರು ಇಳಿಯೋಕೆ ಟೈಮ್ ಕೊಡಿ: ಲೂಬ್ರಿಕೇಟ್ ಅಂಡ್ ಬ್ಲೀಡ್, ನನ್ನ ಅನುಭವ

ಕಾಯಿಲ್ ಟ್ಯೂಬಿಂಗ್ (ಬಾವಿಯೊಳಗೆ ಇಳಿಸುವ, ಸುರುಳಿ ಸುತ್ತಿದ ಉದ್ದನೆಯ ಪೈಪು) ತರಿಸದೆ ಆ ಗ್ಯಾಸ್ ಬಾವಿ ಸಾಯಲ್ಲ, ಅಂದರೆ ಅದರ ಒತ್ತಡ ಅಡಗಲ್ಲ, ಅಂತ ಮೂರು ಜನ ಹೇಳಿದ್ದರು. ಸತ್ತಿತು. ಬರೀ ಒಂದು ಪಂಪು, ಒಂದು ಚೋಕು (ಗ್ಯಾಸನ್ನು ಅಳತೆಯಲ್ಲಿ ಹೊರಬಿಡುವ ಕವಾಟ), 32 ಗಂಟೆ ತಾಳ್ಮೆ. ಲೂಬ್ರಿಕೇಟ್ ಅಂಡ್ ಬ್ಲೀಡ್ ಅಂದರೆ ಇಷ್ಟೇ: ಸ್ವಲ್ಪ ಉಪ್ಪುನೀರು ಪಂಪ್ ಮಾಡಿ, ಅದು ಕೆಳಗೆ ಇಳಿಯುವವರೆಗೆ ಕಾದು, ಮೇಲಿನ ಗ್ಯಾಸನ್ನು ಲೆಕ್ಕಕ್ಕೆ ತಕ್ಕಷ್ಟೇ ಬಿಡುವುದು, ಮತ್ತೆ ಅದನ್ನೇ ಮಾಡುವುದು. ಇಂಥದ್ದೇ ಬಾವಿ ಎದುರಿಗಿಟ್ಟುಕೊಂಡು ಕೂತಿರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಅಂಕಿಗಳೆಲ್ಲ ನೆನಪಿನಿಂದ, ಸ್ವಲ್ಪ ಆಚೀಚೆ ಇರಬಹುದು.

ಒಮಾನ್, ಹೈಮಾ ಕಡೆಯ ಮರುಭೂಮಿ, ಜುಲೈ ತಿಂಗಳು. ಮೂರೂವರೆ ಇಂಚಿನ ಹಳೇ ಟ್ಯೂಬಿಂಗ್ (ಗ್ಯಾಸ್ ಮೇಲೆ ಬರುವ ಪೈಪು), ಪರ್ಫೊರೇಶನ್ (ಗ್ಯಾಸ್ ಬಾವಿಯೊಳಗೆ ಬರುವ ತೂತುಗಳು) ಸುಮಾರು 6,500 ಅಡಿಯಲ್ಲಿ. ಬಾವಿ ಮುಚ್ಚಿದಾಗ ಮೇಲೆ ಒತ್ತಡ 2,400 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಟ್ರೀ (ಬಾವಿ ಬಾಯಿಯ ಕವಾಟಗಳ ಜೋಡಣೆ) ಬಿಚ್ಚಿ, ಬಿಒಪಿ (ಬಾವಿ ಚಿಮ್ಮದಂತೆ ತಡೆಯುವ ಸಾಧನ) ಕೂರಿಸಿ ಟ್ಯೂಬಿಂಗ್ ಎಳೆಯಬೇಕಿತ್ತು. ಟ್ಯೂಬಿಂಗ್ ತುಕ್ಕು ಹಿಡಿದಿದ್ದರಿಂದ 3,500 ದಾಟಲೇಬಾರದು ಅಂತ ಕಟ್ಟಪ್ಪಣೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು, ಬುಲ್‌ಹೆಡ್, ಅಂದರೆ ಮೇಲಿಂದ ಪಂಪ್ ಮಾಡಿ ಗ್ಯಾಸನ್ನು ಬಂಡೆಯೊಳಗೇ ವಾಪಸ್ ದೂಡುವುದು. 9 ಪಿಪಿಜಿಯ (ಗ್ಯಾಲನ್‌ಗೆ 9 ಪೌಂಡ್ ತೂಕದ) ಕೆಸಿಎಲ್ ಬ್ರೈನ್, ಅಂದರೆ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪುನೀರು. 16 ಬ್ಯಾರೆಲ್ ಹೋಗುವಷ್ಟರಲ್ಲಿ ಗೇಜ್ 3,400 ತೋರಿಸಿತು. ಪಂಪ್ ನಿಲ್ಲಿಸಿ ಅರ್ಧ ಗಂಟೆ ನೋಡಿದೆವು, 50 ಕೂಡ ಇಳಿಯಲಿಲ್ಲ. ಕೆಳಗೆ ಮರಳು ಕಟ್ಟಿಕೊಂಡಿತ್ತು. ಗ್ಯಾಸ್ ಸಂದಿಯಲ್ಲಿ ನುಸುಳಿ ಮೇಲೆ ಬರುತ್ತೆ, ನೀರು ಮಾತ್ರ ಒಳಗೆ ಹೋಗಲ್ಲ. ಬೇಸರದಲ್ಲಿ ಚೋಕ್ ತೆರೆದು ಒತ್ತಡ ಬಿಟ್ಟುಬಿಟ್ಟೆವು. ಟ್ಯಾಂಕಿಗೆ ಬಂದಿದ್ದೆಲ್ಲ ನೊರೆ. ಬೆಳಿಗ್ಗೆ ನೋಡಿದರೆ ಮತ್ತೆ ಅದೇ 2,400. ಆಮೇಲೆ ಸ್ಲಿಕ್‌ಲೈನ್‌ನಲ್ಲಿ (ತೆಳು ತಂತಿ) ಬೇಲರ್ (ಮರಳು ತುಂಬಿಕೊಳ್ಳುವ ಕೊಳವೆ) ಇಳಿಸಿ ಎರಡು ದಿನ ಮರಳು ಎತ್ತಿದೆವು. ಎತ್ತಿದಷ್ಟೇ ಮತ್ತೆ ಬಂದು ತುಂಬಿಕೊಂಡಿತು. ಅಲ್ಲಿಗೆ ಹದಿನೈದು ಸಾವಿರ ಡಾಲರ್ ಹತ್ತಿರ ಖರ್ಚು. ಕಾಯಿಲ್ ಯೂನಿಟ್ ತರಿಸಿದರೆ ಸಾಗಾಟ, ಕಾಯುವ ಬಾಡಿಗೆ ಎಲ್ಲ ಸೇರಿ ಇನ್ನೂ ತೊಂಬತ್ತು ಸಾವಿರ.

ಆ ರಾತ್ರಿ ಕ್ಯಾಬಿನ್‌ನಲ್ಲಿ ಹಳೇ ಚಾರ್ಟ್ ನೋಡುತ್ತಾ ಕೂತಾಗ ಹೊಳೆಯಿತು. ಆ 16 ಬ್ಯಾರೆಲ್ ವೇಸ್ಟ್ ಆಗಿರಲಿಲ್ಲ. ಅದು ಬಾವಿಯೊಳಗೇ ಇತ್ತು. ಕೆಳಗೆ ಇಳಿಯೋಕೆ ಬಿಟ್ಟಿದ್ದರೆ ಮೇಲಿನ ಒತ್ತಡ 1,700ರ ಆಸುಪಾಸಿಗೆ ಬರಬೇಕಿತ್ತು. ನಾವೇ ಅವಸರ ಮಾಡಿ ನೊರೆಯಾಗಿ ಹೊರಗೆ ಸುರಿದಿದ್ದೆವು.

ಲೂಬ್ರಿಕೇಟ್ ಅಂಡ್ ಬ್ಲೀಡ್ ಹೊಸದೇನಲ್ಲ, ನಿಮಗೂ ಗೊತ್ತು. ಆದರೂ ಕಂಪನಿ ಮ್ಯಾನ್ (ಸೈಟಿನಲ್ಲಿ ಬಾವಿ ಕಂಪನಿಯ ಪ್ರತಿನಿಧಿ) ಒಪ್ಪಲಿಲ್ಲ. "ನೀರು ಗ್ಯಾಸಿನಲ್ಲಿ ತಾನಾಗಿ ಇಳಿಯುತ್ತೆ ಅಂತ ಕಾಯ್ತಾ ಕೂರೋಕೆ ಟೈಮ್ ಇಲ್ಲ" ಅಂದರು. ಕಾಯಿಲ್ ಬರೋಕೆ ಹೇಗೂ ನಾಲ್ಕು ದಿನ ಇದೆಯಲ್ಲ, ಎರಡು ದಿನ ನನಗೆ ಕೊಡಿ ಅಂದೆ. ಕೊಟ್ಟರು.

ಒಂದು ಬ್ಯಾರೆಲ್ ಅಂದರೆ ಈ ಟ್ಯೂಬಿಂಗ್‌ನಲ್ಲಿ 115 ಅಡಿ. ಕಾಗದದ ಮೇಲೆ 54 ಪಿಎಸ್‌ಐ. ಗ್ಯಾಸಿನ ತೂಕ ಕಳೆದರೆ 45ರ ಆಸುಪಾಸು. ನಾನು ನಂಬಿದ್ದು ಮಾತ್ರ ಒತ್ತಡದ ಲೆಕ್ಕವನ್ನು. ಪಂಪ್ ಮಾಡುವ ಮುಂಚಿನ ಒತ್ತಡವನ್ನು ಅದರಿಂದಲೇ ಗುಣಿಸಿ, ಪಂಪ್ ಆದಮೇಲಿನ ಒತ್ತಡದಿಂದ ಭಾಗಿಸಿ. 2 ಬ್ಯಾರೆಲ್‌ಗೆ 2,400 ಇದ್ದದ್ದು 2,490 ಆಯಿತು, ಹಾಗಾದರೆ 2,313ರವರೆಗೆ ಬಿಡಬಹುದು. ಅದರ ಕೆಳಗೆ ಒಂದು ಗೆರೆಯೂ ಬೇಡ. ಜಾಸ್ತಿ ಬಿಟ್ಟರೆ ತಳದಿಂದ ಹೊಸ ಗ್ಯಾಸ್ ಬರುತ್ತೆ, ಮಾಡಿದ್ದೆಲ್ಲ ಹೋಗುತ್ತೆ.

ಮೊದಲ ಮೂರು ಸುತ್ತು ನಾನೇ ಕೆಡಿಸಿದೆ. ಕಾದದ್ದು ಇಪ್ಪತ್ತೇ ನಿಮಿಷ, ಚೋಕ್‌ನಲ್ಲಿ ಮತ್ತೆ ನೊರೆ. 45 ನಿಮಿಷಕ್ಕೆ ಏರಿಸಿದ ಮೇಲೆ ಒಣ ಗ್ಯಾಸ್ ಬಂತು. ನೀರು ಇಳಿದಾಯಿತು ಅಂತ ಟ್ರೀ ಪಕ್ಕ ನಿಂತೇ ತಿಳಿಯೋಕೆ ನನ್ನದೊಂದು ಗುರುತಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮಧ್ಯೆ ಬ್ರೈನಿಗೆ ಪಾಲಿಮರ್ ಹಾಕಿ ಗಟ್ಟಿ ಮಾಡಿಯೂ ನೋಡಿದೆ, ಮೇಲೆ ವಾಪಸ್ ಬರದಿರಲಿ ಅಂತ. ಟ್ಯೂಬಿಂಗ್ ಗೋಡೆಗೆ ಅಂಟಿಕೊಂಡು ಇನ್ನೂ ನಿಧಾನ ಆಯಿತು. ಎರಡು ಸುತ್ತಿಗೇ ಬಿಟ್ಟೆ.

ಹನ್ನೆರಡನೇ ಸುತ್ತೋ ಹದಿಮೂರನೇದೋ, ಮಧ್ಯಾಹ್ನ. ಹೊರಗೆ 46 ಡಿಗ್ರಿ, ಚೋಕ್ ಮೈಮೇಲೆ ಬಿಳಿ ಮಂಜು. ದಾವಣಗೆರೆಯ ಹುಡುಗನೊಬ್ಬ ಗೇಜ್ ನೋಡುತ್ತಿದ್ದ. "ಅಣ್ಣಾ, ಗ್ಯಾಸ್ ಹೋಗ್ತಾನೇ ಇದೆ, ಸೂಜಿ ಮಾತ್ರ ಅಲುಗ್ತಿಲ್ಲ" ಅಂದ. 1,450ರಲ್ಲಿ ನಿಂತಿತ್ತು. ಗೇಜ್ ಲೈನ್ ಒಳಗೆ ಹೈಡ್ರೇಟ್ (ಗ್ಯಾಸ್, ನೀರು ಸೇರಿ ಆಗುವ ಮಂಜುಗಡ್ಡೆಯಂಥದ್ದು) ಕಟ್ಟಿತ್ತು. ತಕ್ಷಣ ಚೋಕ್ ಮುಚ್ಚಿಸಿದೆ. ಟ್ರೀ ಕ್ಯಾಪ್ ಮೇಲೆ ನಾನು ಹಟ ಮಾಡಿ ಹಾಕಿಸಿದ್ದ ಎರಡನೇ ಗೇಜ್ 1,370 ಹೇಳುತ್ತಿತ್ತು. ಗುರಿ 1,360. ಹತ್ತು ಪಿಎಸ್‌ಐನಲ್ಲಿ ಉಳಿದುಕೊಂಡೆವು. ಆ ಎರಡನೇ ಗೇಜಿಗೆ, ಅದರ ಫಿಟ್ಟಿಂಗಿಗೆ ಸೇರಿ ಇನ್ನೂರು ಡಾಲರ್ ಆಗಿರಬಹುದು. ಹೈಡ್ರೇಟ್ ಕರಗಲಿ ಅಂತ ಮೆಥನಾಲ್ ಹಾಕಿ ಒಂದು ಗಂಟೆ ಕಾದೆವು. ಆಮೇಲೆ ಪ್ರತಿ ಬ್ಲೀಡ್‌ಗೆ ಮುಂಚೆಯೇ ಮೆಥನಾಲ್.

2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ಮಕೊಂಡೊ ಬಾವಿಯಲ್ಲಿ ಡ್ರಿಲ್ ಪೈಪ್ 1,400 ಪಿಎಸ್‌ಐ ತೋರಿಸುತ್ತಿತ್ತು, ಅದೇ ಬಾವಿಗೆ ಸೇರಿದ ಇನ್ನೊಂದು ಪೈಪು, ಕಿಲ್ ಲೈನ್, ಸೊನ್ನೆ. ಸೊನ್ನೆಯನ್ನು ನಂಬಿದರು. 11 ಜನ ಹೋದರು. ನಮ್ಮ ಅಸ್ಸಾಮಿನ ಬಾಗ್‌ಜಾನ್ ಬಾವಿ 2020ರ ಮೇ 27ರಂದು ಚಿಮ್ಮಿದ್ದೂ ವರ್ಕ್‌ಓವರ್ (ಬಾವಿ ದುರಸ್ತಿ) ನಡೆಯುವಾಗಲೇ, ಜೂನ್ 9ಕ್ಕೆ ಬೆಂಕಿ ಹತ್ತಿಕೊಂಡು ನವೆಂಬರ್‌ವರೆಗೂ ಉರಿಯಿತು. ಎರಡು ಗೇಜ್ ಒಂದೇ ಮಾತು ಹೇಳದಿದ್ದರೆ ನನ್ನ ಸೈಟಿನಲ್ಲಿ ಕೆಲಸ ನಿಲ್ಲುತ್ತೆ. ಯಾರೇ ಕೂಗಾಡಲಿ.

ಗ್ಯಾಸ್ ಜಾಗ ಕಡಿಮೆಯಾದಂತೆ ಪ್ರತಿ ಸುತ್ತಿನಲ್ಲಿ ಪಂಪ್ ಮಾಡುವುದನ್ನು ಒಂದೇ ಬ್ಯಾರೆಲ್‌ಗೆ ಇಳಿಸಿದೆ. 50 ಬ್ಯಾರೆಲ್ ಹತ್ತಿರ ಮೇಲಿನ ಒತ್ತಡ ಸೊನ್ನೆ. ಟ್ಯೂಬಿಂಗ್ ತುಂಬಲು ಇನ್ನು ಆರು. ಹೊರಗೆ ಹೋದದ್ದೂ ಸೇರಿ 62 ಬ್ಯಾರೆಲ್ ಬ್ರೈನ್ ಖರ್ಚಾಗಿರಬೇಕು. ಕಂಪನಿ ಮ್ಯಾನ್ ಆಗಲೇ ಟ್ರೀ ಬಿಚ್ಚೋಣ ಅಂದರು. ಬೇಡ, 12 ಗಂಟೆ ಮುಚ್ಚಿಟ್ಟು ನೋಡೋಣ ಅಂದೆ. ರಾತ್ರಿಯೆಲ್ಲ ಅರ್ಧ ಗಂಟೆಗೊಮ್ಮೆ ಎರಡೂ ಗೇಜ್ ಬರೆದುಕೊಂಡೆವು, ಸೊನ್ನೆ, ಸೊನ್ನೆ. ಬೆಳಿಗ್ಗೆ ಪ್ಲಗ್ ಕೂರಿಸಿ ಟೆಸ್ಟ್ ಮಾಡಿ, ಎರಡು ಬ್ಯಾರಿಯರ್ (ಗ್ಯಾಸ್ ಮೇಲೆ ಬರದಂತೆ ತಡೆ) ಖಾತ್ರಿಯಾದ ಮೇಲೇ ಟ್ರೀ ಎತ್ತಿಸಿದ್ದು. ಈ ವಿಧಾನಕ್ಕೆ ಆದ ಖರ್ಚು ಇಪ್ಪತ್ತೆರಡು ಸಾವಿರದೊಳಗೆ. ಕಾಯಿಲ್ ಯೂನಿಟ್ ಅರ್ಧ ದಾರಿಯಿಂದ ವಾಪಸ್ ಹೋಯಿತು.

ಆಮೇಲೆ ಇನ್ನೂ ಮೂರು ಬಾವಿಗೆ ಇದನ್ನೇ ಮಾಡಿದೆ. ಎರಡು ಸತ್ತವು. ಮೂರನೇದರಲ್ಲಿ ಅರ್ಧದಲ್ಲೇ ಪರ್ಫೊರೇಶನ್ ತೆರೆದುಕೊಂಡು ಬ್ರೈನ್ ಕುಡಿಯತೊಡಗಿತು, ಲೆಕ್ಕ ಕೈಕೊಟ್ಟಿತು. ಅಲ್ಲೇ ನಿಲ್ಲಿಸಿ ಬುಲ್‌ಹೆಡ್ ಮಾಡಿದೆವು, ಈ ಸಲ ಸಲೀಸಾಗಿ ಹೋಯಿತು.